ಗೇಟು ಬಿದ್ದಾಗ

ದುರ್ಗದ ಗುಡ್ಡದ ಮೇಲಿನ ಫ್ಯಾನು ನೋಡಿಕೊಳ್ಳುವ
ಜಪಾನಿ ಇಂಜಿನಿಯರನ ಗಾಡಿ. ಹಡಗಿನಲ್ಲಿ ಬಂದದ್ದಂತೆ.
ನಿಲುವಿಗೆ ಜೀಪಿನ ಠೀವಿ, ಅಳತೆಗೆ ಆಟೋದ ಅಣ್ಣ,
ಅರ್ಧ ಪೆಟ್ರೋಲು, ಅರ್ಧ ಕರೆಂಟು.
ಗುಂಡಿ ಒತ್ತಿದರೆ ಒಳಗಿಂದ ಒಬ್ಬ ಹೆಣ್ಣುಮಗಳು
ಅವಳ ಭಾಷೆಯಲ್ಲಿ ಏನೋ ಅನ್ನುತ್ತಾಳೆ.
ನಮ್ಮ ತಿಪ್ಪೇಶ ದಿನಾ ಉತ್ತರ ಕೊಡುತ್ತಾನೆ:
"ಆಯ್ತಕ್ಕ, ಚಾ ಆಯ್ತು."

ನಲವತ್ತು ವರ್ಷ
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.
ಟ್ಯಾಪೆಟ್ಟೋ ಬೇರಿಂಗೋ, ನಿಂತಲ್ಲೇ ಹೇಳಿದವನು.
ಪಿ.ಬಿ. ರೋಡಿನ ಲಾರಿಯ ಕೆಮ್ಮು ಕೇಳಿ
ಮಾಲೀಕನ ಹೆಸರು ಹೇಳಿದ್ದೂ ಉಂಟು.

ಇದು ಮಾತ್ರ ಬಾಯೇ ಬಿಡದು.
ಟ್ರಯಲ್ಲಿಗೆ ಹೊರಟರೆ ಅಶೋಕ ರಸ್ತೆಯಲ್ಲಿ ಗೇಟು ಬಿತ್ತು.
ಮುಂದೆ ಮಂಡಕ್ಕಿ ಮೂಟೆ ಹೇರಿದ ಲಗೇಜ್ ಆಟೋ,
ಅದರ ಹೊಗೆಯಲ್ಲಿ ನಮ್ಮದು
ಕೆರೆಗಿಳಿದ ಎಮ್ಮೆಯಂತೆ ಸುಮ್ಮನೆ.
"ನೋಡೋ, ಬ್ಯಾಟರಿ ಮೇಲೆ ನಿಂತೈತೆ,
ಇಂಜಿನ್ ಮಲಗೈತೆ" ಅಂದೆ.

ತಿಪ್ಪೇಶ ನನ್ನ ಮುಖ ನೋಡಿದ.
"ಓಡ್ತಾ ಐತಲ್ಲ ಉಸ್ತಾದ್.
ಆವಾಗಿಂದ."

ಗೂಡ್ಸು. ಐವತ್ತೆಂಟು ಡಬ್ಬಿ, ಎಣಿಸಿದೆ.
ಸೀದುಹೋದ ಬೇಳೆಗೆ ಸಗೀರಾ ಬೈದದ್ದು,
"ಅಷ್ಟು ಸೀಟಿ ಕೂಗಿದರೂ ಕೂತೇ ಇದ್ದೀರಲ್ಲ" ಅಂದದ್ದು;
ರಿಪೇರಿಯಾಗಿಯೂ ಎರಡು ಸಲ ವಾಪಸ್ಸು ಬಂದ
ಡಾಕ್ಟರ ಕಾರು.

ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ,
ಮಗುವಿನ ಜ್ವರ ನೋಡುವ ಹಾಗೆ.
ಹೌದು. ಸಣ್ಣಗೆ, ಮೂರು ಸಿಲಿಂಡರು.
ಒಂದು, ಎರಡು,
ಮತ್ತೊಂದು ತುಸು ತಡ.

"ಮೂರನೇದರ ಪ್ಲಗ್ಗು" ಅಂದೆ.
ಗೇಟು ಎದ್ದಿತು.
ಒಳಗೆ ಅವಳು ಏನೋ ಅಂದಿರಬೇಕು,
ಗಾಜಿನಾಚೆ ತಿಪ್ಪೇಶನ ತುಟಿ ಆಡಿತು:
ಆಯ್ತಕ್ಕ.