ಕಂದು

ಚಳಿಗಾಲದ ಬೆಳಿಗ್ಗೆ ಎಂಟಕ್ಕೆ
ಹೊರಗೂ ಕತ್ತಲು, ಒಳಗೂ.
ಪರದೆಯ ಮೇಲೆ ಒಬ್ಬರಾದ ಮೇಲೊಬ್ಬರು ಸಂತರು.
ಡಾಕ್ಟರ್ ಹಲಿನಾ ಅವರ ಕೋಲಿನ ತುದಿ
ಒಬ್ಬೊಬ್ಬರ ಮೂಗಿನ ಮೇಲೂ ತುಸು ನಿಂತು ಮುಂದೆ ಹೋಗುತ್ತದೆ.
ಬರೆದುಕೊಳ್ಳುತ್ತೇನೆ: ಇಸವಿ. ದಾನಿಯ ಹೆಸರು. ಹಲಗೆ ಯಾವ ಮರದ್ದು.
ಹಿಂದಿನ ಬೆಂಚಿನಲ್ಲಿ ಯಾರೋ ಸೇಬು ಕಚ್ಚಿದ ಸದ್ದು.

ಹನ್ನೆರಡಕ್ಕೆ ಹೊಳೆದಂಡೆ ಹಿಡಿದು ಸ್ಟುಡಿಯೋಗೆ ಓಟ,
ಬ್ರೆಡ್ಡು ಬಾಯಲ್ಲೇ.
ಅಲ್ಲಿ ಇಸವಿ ಇಲ್ಲ.
ಮೊಲದ ಚರ್ಮದ ಅಂಟು ಒಲೆಯ ಮೇಲೆ ನಾರುತ್ತಿರುತ್ತದೆ,
ಕುದಿಯಬಾರದು, ಕುದಿದರೆ ಕೆಟ್ಟಿತು;
ಹಾಲಿಗಿಟ್ಟವಳ ಹಾಗೆ ಅಲ್ಲೇ ನಿಂತಿರಬೇಕು.
ಆಮೇಲೆ ಸೀಮೆಸುಣ್ಣದ ಪುಡಿ, ಎಂಟು ಪದರ,
ಒಂದು ಒಣಗದೆ ಇನ್ನೊಂದಿಲ್ಲ.
ಐನೂರು ವರ್ಷದ ಚರಿತ್ರೆ ಓದಿದ್ದೇನೆ,
ಹೀಗೆ ಕೈಕಟ್ಟಿ ಕಾದ ಮಧ್ಯಾಹ್ನಗಳ ಬಗ್ಗೆ
ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಸ್ಟುಡಿಯೋದವರಿಗೆ ನಾನು ಪುಸ್ತಕದ ಹುಳು.
ಗ್ರಂಥಾಲಯದ ಯಾದ್ವಿಗಾಗೆ,
ಉಗುರಲ್ಲಿ ಬಣ್ಣ ಇಟ್ಟುಕೊಂಡು ಬಂದು
ಹದಿನಾರನೇ ಶತಮಾನಕ್ಕೆ ಹೆಬ್ಬೆಟ್ಟು ಒತ್ತಿದ ಹುಡುಗಿ.
(ದಂಡ ನಲವತ್ತು ಜ್ಲೋಟಿ. ಇನ್ನೂ ಕಟ್ಟಿಲ್ಲ.)

ಎರಡು ದೋಣಿಯ ಮೇಲೆ ಕಾಲಿಟ್ಟರೆ ನೀರುಪಾಲು, ಅಂದಳು ಅಮ್ಮ.
ಸೋದರಮಾವ ಝೆನೊನ್ ವಿಸ್ತುಲಾದ ಮರಳುದೋಣಿಯವನು,
ಸೂಪಿನಿಂದ ತಲೆಯೆತ್ತದೆ ಹೇಳಿದ:
ಹಾಗನ್ನುವವರು ಯಾರೂ ಹೊಳೆ ನಡುವೆ
ಒಂದರಿಂದ ಇನ್ನೊಂದಕ್ಕೆ ಮರಳು ತುಂಬಿದವರಲ್ಲ.
ಆ ಕೆಲಸಕ್ಕೆ ನಿಲ್ಲುವುದೇ ಹಾಗೆ.
ಮಂಡಿ ಸಡಿಲ ಇರಬೇಕು, ಅಷ್ಟೆ.

ಪ್ರಬಂಧಕ್ಕೆ ನನಗೆ ಸಿಕ್ಕಿದ್ದು
ನಮ್ಮೂರ ಮ್ಯೂಸಿಯಮ್ಮಿನ ಮೂಲೆಯ ಹಲಗೆ:
ಬುಟ್ಟಿ ಹಿಡಿದ ಒಬ್ಬ ಸಂತಳು, ಮೇಲಂಗಿ ಕಂದು.
ಕಂದು ಎಂದರೆ ಮಣ್ಣು, ದೈನ್ಯ, ಪಶ್ಚಾತ್ತಾಪ
ಎಂದು ಮೂವರು ವಿದ್ವಾಂಸರು ಎರಡು ಭಾಷೆಯಲ್ಲಿ ಹೇಳಿದ್ದರು.
ನಾನೂ ಹೇಳಿದೆ, ಹದಿನಾಲ್ಕು ಪುಟ, ಮೂವತ್ತೊಂದು ಅಡಿಟಿಪ್ಪಣಿ.
ಅಂಕವೂ ಬಂತು.

ಫೆಬ್ರವರಿಯಲ್ಲಿ ಒಂದು ದಿನ
ಸ್ಟುಡಿಯೋದ ಕಿಟಕಿಕಟ್ಟೆ ಖಾಲಿ ಮಾಡುವಾಗ
ಎರಡು ಬೇಸಿಗೆ ಅಲ್ಲೇ ಬಿಸಿಲುಂಡ ನನ್ನ ಹಳೆಯ ಹಲಗೆ ಕೈಗೆ ಬಂತು.
ತಾಮ್ರದ ಕಿಲುಬನ್ನು ರಾಳದಲ್ಲಿ ಅರೆದು
ಬಳಿದಿದ್ದೆ ಅವತ್ತು, ಎಳೇ ಹಸಿರು.
ಈಗ ಚಹಾದ ಕಲೆ.
ಕ್ಲಿಪ್ಪು ತೆಗೆದೆ.
ಕ್ಲಿಪ್ಪಿನ ಅಡಿಯಲ್ಲಿ ಉಗುರಗಲ
ಅದೇ ಎಳೇ ಹಸಿರು, ಕಣ್ಣು ಪಿಳಿಪಿಳಿ.

ಆಮೇಲಿನದು ಕಾಗದಪತ್ರ, ಸಹಿ, ಎರಡು ವಾರ.
ಕೈಗವಸು ತೊಟ್ಟ ಮನುಷ್ಯ ಕೊನೆಗೂ ಚೌಕಟ್ಟು ಬಿಚ್ಚಿದ.
ಮರ ಮುಚ್ಚಿಕೊಂಡಿದ್ದ ಅಂಚಿನುದ್ದಕ್ಕೂ
ಬೆಳಕನ್ನೇ ಕಾಣದ ಒಂದು ಗೆರೆ.
ಅಯ್ಯೋ ಮಾರಾಯ್ತಿ,
ನೀನು ಪಶ್ಚಾತ್ತಾಪ ಪಡುತ್ತಲೇ ಇರಲಿಲ್ಲ!
ಏಪ್ರಿಲ್ ಉಟ್ಟುಕೊಂಡು ಎಲ್ಲಿಗೋ ಹೊರಟು ನಿಂತಿದ್ದೆ.
ಅದು ಕಂದು ಅಲ್ಲ, ಕಂದಿದ್ದು.

ಹೇಳಲು ಹೋದಾಗ ಡಾಕ್ಟರ್ ಹಲಿನಾ ಕನ್ನಡಕ ತೆಗೆದರು.
ಹೀಟರಿನ ಪೈಪು ಎರಡು ಸಲ ಕೆಮ್ಮಿತು.
ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ ಆ ದೈನ್ಯವನ್ನು, ಅಂದರು.
ನಾನು ನನ್ನ ಉಗುರು ನೋಡಿಕೊಂಡೆ.
ಆಮೇಲೆ ಅವರು ಕೇಳಿದ್ದು ಬೇರೆಯೇ:
ಆ ಅಂಟು ನಾರುತ್ತದಂತಲ್ಲ, ಹೇಗೆ?

ಗುರುವಾರ ಬಂದರು. ಬಿಳೀ ಅಂಗಿಯಲ್ಲಿ.
ತೋಳು ಮಡಚಿ ಸೌಟು ಹಿಡಿದು ಒಲೆಯ ಮುಂದೆ ನಿಂತು
ತೋರುನ್‌ನ ಅಂಟು ವ್ಯಾಪಾರಿಗಳ ಸಂಘ,
ಅದು ಕಟ್ಟುತ್ತಿದ್ದ ಸುಂಕ, ಒಂದು ಹಳೇ ವ್ಯಾಜ್ಯ
ಎಂದು ಹೇಳುತ್ತಾ ಹೇಳುತ್ತಾ,
ನಾನೂ ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೇಳುತ್ತಾ,
ಉಕ್ಕಿತು.