ಇಬ್ಬರೂ ಒಟ್ಟಿಗೆ ಕರೆದರೆ

ಸೊಂಟದ ಬೆಲ್ಟು ಬಿಗಿದುಕೋ, ವಿಲ್ಮೆರ್.
ಎಂಬತ್ತು ಮೀಟರು. ಕೆಳಗೆ ನೋಡಬೇಡ ಅಂತ ಹೇಳುವವಳಲ್ಲ ನಾನು,
ನೋಡು. ನೋಡಿಯೇ ಹತ್ತು.
ಕೊಕ್ಕೆ ಎರಡಿವೆ. ಒಂದು ಸಿಕ್ಕಿಸಿದ ಮೇಲೆಯೇ
ಇನ್ನೊಂದನ್ನು ಬಿಚ್ಚು.
ದೋಣಿಯಲ್ಲಿ ಪಟ್ಟಣದತ್ತ ಇಳಿಯುವಾಗ
ನಿನ್ನ ಜೇಬಿನ ಫೋನೂ ಇದನ್ನೇ ಮಾಡುವುದು:
ಮುಂದಿನ ಗೋಪುರದ ಬೆರಳು ಸಿಕ್ಕುವವರೆಗೆ
ಹಿಂದಿನದರ ಕೈ ಬಿಡುವುದಿಲ್ಲ.

ನಾಪೊ ನದಿ ಕಂದು ದಾರದಷ್ಟು ಸಣ್ಣಗಾಗಿ
ಕಾಡೆಲ್ಲ ಒಂದೇ ಒದ್ದೆ ಕಂಬಳಿಯಾದಾಗ
ನಿನಗೇ ತಿಳಿಯುತ್ತದೆ, ಯಾಕೆ ಇಷ್ಟೆತ್ತರ ಅಂತ.
ಎಲೆ ಅಂದರೆ ನೀರು ಕಣೋ.
ನಮ್ಮ ಅಲೆ ಎಲೆಗೆ ತಾಗಿತೋ,
ಒಣ ಬೂದಿಗೆ ಬಿದ್ದ ಹನಿಯ ಹಾಗೆ ಇಂಗಿಹೋಯಿತು.
ಆಂಟೆನಾಗೆ ಆಂಟೆನಾ ಕಂಡರೆ ಸಾಲದು,
ಎರಡರ ನಡುವೆ
ದೋಣಿಯ ಹಾಗೆ ತುದಿ ಚೂಪಾಗಿ ಹೊಟ್ಟೆಯುಬ್ಬಿದ
ಬಯಲೊಂದು ಖಾಲಿ ಇರಬೇಕು.
ಆ ಲುಪುನಾ ಮರ ವರ್ಷಕ್ಕೊಂದು ಗೇಣು ಬೆಳೆದು
ಕಾಣದ ಆ ದೋಣಿಯೊಳಕ್ಕೆ ಮೆಲ್ಲಗೆ ಕಾಲಿಡುತ್ತಿದೆ.
ಕಡಿಯಲು ಅಜ್ಜ ನೊತೇನೊ ಬಿಡುವುದಿಲ್ಲ,
ಅದರೊಳಗೆ ಒಬ್ಬ ತಾಯಿ ಇದ್ದಾಳಂತೆ.
ಇರಲಿ. ನಾವೇ ಇನ್ನೊಂದು ತುಂಡು ಜೋಡಿಸೋಣ.

ಮೇಲ್ಹೊಳೆಗೆ ತೂತಾಪಿಷ್ಕು, ಕೆಳಹೊಳೆಗೆ ಪುಕಾಯಾಕು,
ನಡುವೆ ನಾವು.
ಅವರಿಬ್ಬರ ಮಾತೂ ನಮಗೆ ಕೇಳುತ್ತದೆ.
ಅವರಿಗೆ ಒಬ್ಬರದೊಬ್ಬರಿಗೆ ಕೇಳದು,
ನಡುವೆ ಭೂಮಿಯೇ ಬೆನ್ನು ಬಾಗಿಸಿ ಕೂತಿದೆ.
ಗಾಳಿ ಖಾಲಿಯಿದೆ ಎಂದುಕೊಂಡು ತೂತಾಪಿಷ್ಕು ಬಾಯಿ ತೆರೆಯುತ್ತದೆ.
ಗಾಳಿ ಖಾಲಿಯಿದೆ ಎಂದುಕೊಂಡು ಪುಕಾಯಾಕು.
ಇಬ್ಬರೂ ಸುಳ್ಳಾಡುತ್ತಿಲ್ಲ.
ಇಬ್ಬರ ಮಾತೂ ನಮ್ಮಲ್ಲಿಗೆ ಬಂದು ಡಿಕ್ಕಿ ಹೊಡೆದು
ಬರೀ ಗೊರಗೊರ.

ತಂತಿಯಾಗಿದ್ದರೆ ಆಡುತ್ತಲೇ ಆಲಿಸಬಹುದಿತ್ತು.
ಇಲ್ಲಿ ಹಾಗಲ್ಲ. ಕೂಗುವವನ ಕಿವಿಯನ್ನು
ಅವನ ಕೂಗೇ ತುಂಬಿಬಿಡುತ್ತದೆ.
ಹೇಳಿದ್ದು ಮುಟ್ಟಿತೋ ಇಲ್ಲವೋ
ಆಚೆಯಿಂದ 'ಹೂಂ' ಬಂದರೇ ಗೊತ್ತು.
ಬರದಿದ್ದರೆ ಕಾಯಬೇಕು.
ಎಷ್ಟು ಹೊತ್ತು? ದಾಳ ಬಿದ್ದಷ್ಟು.
ಮತ್ತೆ ಡಿಕ್ಕಿಯಾದರೆ ದಾಳದ ಮುಖಗಳು ಇಮ್ಮಡಿ.
ನಗಬೇಡ. ಇಬ್ಬರೂ ಒಂದೇ ಲೆಕ್ಕದಲ್ಲಿ ಕಾದರೆ
ಒಂದೇ ಗಳಿಗೆಗೆ ಮತ್ತೆ ಬಾಯಿ ತೆರೆಯುತ್ತಾರಲ್ಲ.

ಅದಕ್ಕೇ ದೊಡ್ಡ ಮಾತಿಗೆ ಮುಂಚೆ
ಚಿಕ್ಕದೊಂದು ಕೇಳಿಕೆ: 'ಆಡಲೇ?'
ನಾವು ಅನ್ನುತ್ತೇವೆ: 'ಆಡು.'
ಕೇಳಿದವಳಿಗೆ ಅದು 'ಆಡು',
ಕೇಳದೆ ಕೇಳಿಸಿಕೊಂಡವಳಿಗೆ ಅದೇ 'ಸುಮ್ಮನಿರು'.

ಹೋದ ಮಾರ್ಚಿಯಲ್ಲಿ, ನೀರು ಮೆಟ್ಟಿಲಿಗೆ ಬಂದ ರಾತ್ರಿ
ಮೇಲಿಂದ ನಾರ್ಸಿಸಾ: ಹುಡುಗನಿಗೆ ಹೆರ್ಗೋನ್ ಹಾವು ಕಚ್ಚಿದೆ.
ಕೆಳಗಿಂದ ದೆಲ್ಫೀನಾ: ಹೆರಿಗೆಯಾಯಿತು, ರಕ್ತ ನಿಲ್ಲುತ್ತಿಲ್ಲ.
ರೆಪ್ಪೆ ಮಿಟುಕಿಸುವಷ್ಟರಲ್ಲಿ ಯಂತ್ರ
ಇಬ್ಬರನ್ನೂ ಸಾಲಿಗೆ ನಿಲ್ಲಿಸಿತು, ಒಂದಕ್ಷರ ಕಳೆಯಲಿಲ್ಲ.
ಅದರ ಮೇಲೆ ನನಗೆ ದೂರಿಲ್ಲ.
ಆದರೆ ಮೋಟಾರಿನ ದೋಣಿ ಒಂದೇ.
ನಾನೂ ಒಬ್ಬಳೇ.
ದಾಳ ಎಸೆಯಲಿಲ್ಲ ನಾನು; ಎಸೆಯಬೇಕಿತ್ತೇನೋ.
'ಬಂದೆ' ಅಂದೆ ಒಬ್ಬಳಿಗೆ.
ಆ ಒಂದು ಮಾತು ಇನ್ನೊಬ್ಬಳಿಗೂ ಕೇಳಿಸಿತು.

ಯಾರಿಗೆ ಅಂದೆ ಅಂತ ಕೇಳಬೇಡ, ನದಿಯುದ್ದಕ್ಕೂ ಎಲ್ಲರಿಗೂ ಗೊತ್ತು.
ಆ ಇನ್ನೊಬ್ಬಳು ಈಗಲೂ ಸಂಜೆ ಆರಕ್ಕೆ ಕರೆಯುತ್ತಾಳೆ,
ಮಲೇರಿಯಾದ ಲೆಕ್ಕ ಕೊಡುತ್ತಾಳೆ: ಈ ವಾರ ನಾಲ್ಕು, ಈ ವಾರ ಏಳು.
'ಹೂಂ' ಅನ್ನುತ್ತೇನೆ.
ಮುಟ್ಟಿತು ಅನ್ನುವುದಕ್ಕೆ ಅಷ್ಟು ಸಾಕು.
ಅವಳು ಮಾತ್ರ ಕೂಡಲೇ ಇಡುವುದಿಲ್ಲ,
ಇಬ್ಬರೂ ಗಾಳಿಯ ಸದ್ದು ಕೇಳುತ್ತ ಕೂತಿರುತ್ತೇವೆ.

ಆಯಿತು, ಹೊರಡು. ಸ್ಪ್ಯಾನರು ಮಣಿಕಟ್ಟಿಗೆ ಕಟ್ಟಿಕೋ.
ಸೋಲಾರ್ ಹಲಗೆಯ ಹಿಂದೆ ಕಣಜದ ಗೂಡಿದೆ.
ಮೊದಲು ಮೆಲ್ಲಗೆ ತಟ್ಟು.
ಸದ್ದು ಬರುತ್ತದೋ ನೋಡು.
ಆಮೇಲೆ ಕೈ ಹಾಕು.