ಆರಿದ್ದೇ ಉತ್ತರ

ಹಾಸನದ ಸಂತೆಪೇಟೆಯಿಂದ ಮೂಟೆ ಬಂದ ದಿನ
ಹಾಸ್ಟೆಲ್ಲಿಗೆ ಹನ್ನೆರಡು ಕೆಜಿ ಆಲೂಗಡ್ಡೆ ಹೆರೆಯುತ್ತೇನೆ.
ಸಿಪ್ಪೆಯೆಲ್ಲ ಹಸುವಿಗೇ ಹೋಗುತ್ತಿತ್ತು ಮುಂಚೆ.
ಈಗ ಒಂದು ಪಾಲು ಮೇಲಿನ ಮಹಡಿಗೆ,
ಕೆಮಿಸ್ಟ್ರಿಯ ನಾಜ್ನೀನ್ ಮೇಡಂಗೆ.

ಒಣಗಿಸಿ, ಅರೆದು, ಉಕ್ಕಿನ ಗಿಂಡಿಯಲ್ಲಿ ಬಿಗಿದು
ರಾತ್ರಿಯಿಡೀ ಬೇಯಿಸುತ್ತಾರೆ.
ಕುಕ್ಕರಿನಂತೆಯೇ, ಸೀಟಿ ಮಾತ್ರ ಇಲ್ಲ.
ಬೆಳಗಾದರೆ ಒಳಗೆ ಬರೀ ಕಂದು ನೀರು.
ಇದಕ್ಕೇನಾ ಇಷ್ಟೊಂದು ಕರೆಂಟು ಅಂದಿದ್ದೆ.

ಕಿಟಕಿಗೆ ಕರಿಬಟ್ಟೆ ಎಳೆದು
ಕಳ್ಳನೋಟು ಹಿಡಿಯುವ ಆ ನೇರಳೆ ಟಾರ್ಚು ಬಿಟ್ಟರು.
ನಾನು ಹೆರೆದ ಸಿಪ್ಪೆ
ನೀಲಿಯಾಗಿ ಉರಿಯಿತು, ಬಿಸಿಯಿಲ್ಲದೆ.
"ಇಂಗಾಲದ ಚುಕ್ಕಿ, ಸಾಕಮ್ಮ.
ರಂಗೋಲಿಪುಡಿಯ ಒಂದು ಕಾಳಿನುದ್ದಕ್ಕೆ
ಹತ್ತು ಸಾವಿರ ಸಾಲಾಗಿ ಕೂರುತ್ತವೆ."
ಅಷ್ಟು ಚುಕ್ಕಿಗೆ ಎಳೆ ಎಳೆಯೋರು ಯಾರು ಮತ್ತೆ?

ನಮ್ಮೂರ ಬೋರಿನ ನೀರನ್ನು ಜ್ಯೂಸ್ ಬಾಟಲಿಯಲ್ಲಿ
ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದಿದ್ದೆ.
ಒಂದು ಹನಿ. ನೀಲಿ ಮಂಕಾಯಿತು.
ಎರಡು. ಮೂರನೆಯದಕ್ಕೆ
ಯಾರೋ ಒಳಗಿಂದ ಬಾಗಿಲು ಹಾಕಿಕೊಂಡ ಹಾಗೆ.
"ಕೆಟ್ಟೋಯ್ತಾ ಮೇಡಂ?"
"ಇಲ್ಲ, ಹೇಳ್ತು. ಕಬ್ಬಿಣ ಸಿಕ್ಕರೆ ಆರುತ್ತೆ.
ಆರಿದ್ದೇ ಉತ್ತರ."
ದೀಪ ಆರಿತು ಅನ್ನಬಾರದು, ದೊಡ್ಡದಾಯಿತು ಅನ್ನಬೇಕು
ಎಂದು ನಮ್ಮತ್ತೆ ಕಲಿಸಿದ್ದಳು.
ನಾನು ಬಾಯಿ ಮುಚ್ಚಿಕೊಂಡೆ.

ಹೇಳಬೇಕೆಂದರೆ ನಮಗೆ ಗೊತ್ತೇ ಇತ್ತು.
ಆ ನೀರಲ್ಲಿ ಟೀ ಕಾಸಿದರೆ ಮಸಿ,
ಬಿಳಿ ಪಂಚೆ ಮೂರು ಒಗೆತಕ್ಕೆ ಕೆಮ್ಮಣ್ಣು,
ಕೊಡದ ಕಂಠದೊಳಗೆ ತುಕ್ಕಿನ ಬಳೆ.
ಗೊತ್ತಿದ್ದುದಕ್ಕೆ ಅಂಕಿ ಇರಲಿಲ್ಲ, ಅಷ್ಟೆ.
ಪಂಚಾಯ್ತಿಯವರು ಅಂಕಿ ಕೇಳುತ್ತಾರೆ.

ಇದೊಂದು ಹೇಳಿ ಮೇಡಂ, ಅಂದೆ.
ನನ್ನ ಮಗಳು ರತ್ನಿಗೆ ಐದು ತಿಂಗಳು.
ರಕ್ತದಲ್ಲಿ ಕಬ್ಬಿಣ ಸಾಲದು ಎಂದು
ಆಶಾ ಕಾರ್ಯಕರ್ತೆ ಕೆಂಪು ಮಾತ್ರೆ ಕೊಟ್ಟು ಹೋದಳು.
ಇವಳು ಅದನ್ನು ನುಂಗುವುದು ಇದೇ ನೀರಲ್ಲಿ.
ಕೊಡಕ್ಕೆ ಹತ್ತಿದ್ದು ಮೈಗೆ ಯಾಕೆ ಹತ್ತಲಿಲ್ಲ?

ಮೇಡಂ ಟಾರ್ಚು ಆರಿಸಿದರು. ಕರಿಬಟ್ಟೆ ಸರಿಸಲಿಲ್ಲ.
"ರಕ್ತಕ್ಕೆ ಬೇರೆ ಚುಕ್ಕಿ ಬೇಕು,"
ಎಂದರು ತುಸು ಹೊತ್ತಾದ ಮೇಲೆ,
"ನನಗಿನ್ನೂ ಮಾಡೋಕೆ ಬಂದಿಲ್ಲ."
ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ
ರತ್ನಿ ಎಂದು ಬರೆದುಕೊಂಡರು.

ಸಂಜೆ ಮಿಕ್ಕ ಸಿಪ್ಪೆ ಹಸುವಿಗೆ ಸುರಿದೆ.
ಕರೆಂಟು ಹೋಗಿತ್ತು.
ಹೊಟ್ಟೆಯೊಳಗೆ ಎಲ್ಲಾದರೂ ನೀಲಿ ಕಂಡೀತಾ ಅಂತ
ಕೊಟ್ಟಿಗೆಯಲ್ಲಿ ನಿಂತೇ ಇದ್ದೆ.
ಅದು ಬಾಲದಿಂದ ನನ್ನ ಮುಖಕ್ಕೊಂದು ಬೀಸಿತು.